ಕಿಟಕಿಯಾಚೆಯ ಹಳದಿ

ಕದ್ದು ಕೇಳುವ ಚಾಳಿ ನನಗಿಲ್ಲ. ಬಣ್ಣದಂಗಡಿಯ ಸಾಲೇ ಅಷ್ಟು ಇಕ್ಕಟ್ಟಾಗಿತ್ತು. ನನ್ನ ಮುಂದಿದ್ದವರು ಮೊಬೈಲಿನಲ್ಲಿದ್ದ ಹಳದಿ ಗೋಡೆಯ ಫೋಟೊ ಹಿಡಿದು ನಿಂತಿದ್ದರು. ಜೊತೆಯಲ್ಲಿದ್ದವಳು ಹೆಂಡತಿಯ ತಂಗಿ ಇರಬೇಕು, ಭಾವ ಎನ್ನುತ್ತಿದ್ದಳು.

“ನಿಮ್ಮಕ್ಕನ ಫೋನಲ್ಲಿ ಸಿಕ್ತು. ‘ನಮ್ಮನೆಗೆ ಇದೇ ಬಣ್ಣ’ ಅಂತ ಬರೆದಿಟ್ಟಿದ್ದಾಳೆ. ಅವಳು ಅರ್ಧ ಹೆಣೆದ ಪರದೆ ದಾರಾನೂ ಇದೇ ಹಳದಿ.”

“ಪರದೆ ನಾನು ಮುಗಿಸ್ತೀನಿ, ಭಾವ. ಎಲ್ಲಿ, ಕೊಡಿ ನೋಡೋಣ.”

“ಯಾರ ಮನೆಯೋ ಏನೋ. ಕಂಡೋರ ಮನೆ ಗೋಡೆಯೆಲ್ಲ ಫೋಟೊ ಹಿಡಿಯೋದು ಅವಳಿಗೊಂದು ಹುಚ್ಚು.”

ಅವಳು ಫೋಟೊ ಹಿಗ್ಗಿಸಿ ನೋಡಿದಳು.

“ಭಾವ, ಇದು ಆಸ್ಪತ್ರೆ. ಅಕ್ಕನ ಮಂಚದ ಎದುರು ಕಿಟಕಿ ಇತ್ತಲ್ಲ, ಅದರಾಚೆ ಕಾಣ್ತಿದ್ದ ಗೋಡೆ.”

“ಇಪ್ಪತ್ತು ದಿನ ಅಲ್ಲೇ ಕೂತಿದ್ದೆ. ನಾನು ನೋಡೇ ಇಲ್ವಲ್ಲ.”

“ನೀವು ಅವಳ ಮುಖಾನೇ ನೋಡ್ತಾ, ಕಿಟಕಿಗೆ ಬೆನ್ನು ಹಾಕಿ ಕೂತಿರ್ತಿದ್ರಿ.”

“ಅಲ್ಲಿ ಮಲಗಿಕೊಂಡೂ ಮನೆ ಸಿಂಗಾರ ಮಾಡ್ತಿದ್ಳಾ?”

“ಬೆಳಗಿನ ಬಿಸಿಲಿಗೆ ಗೋಡೆ ನಗುತ್ತೆ ಅಂತಿದ್ಳು. ಬೇಡ ಬಿಡಿ, ಭಾವ. ಬೇರೆ ಬಣ್ಣ ತಗೊಳ್ಳೋಣ. ದಿನಾ ಆಸ್ಪತ್ರೆ ಗೋಡೆ ಯಾಕೆ ನೋಡ್ತೀರಿ?”

“ಅವಳು ಆಸ್ಪತ್ರೆ ನೋಡ್ಲಿಲ್ಲ, ಪುಟ್ಟಿ. ನಮ್ಮನೆ ನೋಡ್ತಿದ್ಳು.”

ಅಂಗಡಿಯಾತ ಬಣ್ಣ ಕಲೆಸಿ, ಡಬ್ಬದ ಮುಚ್ಚಳ ಬಡಿದು ಕೊಟ್ಟ.

“ಇದು ಒಂದು ಗೋಡೆಗೆ ಸಾಕು ಅಷ್ಟೆ. ಯಾವುದಕ್ಕೆ ಹೊಡೆಸ್ತೀರಿ, ಭಾವ?”

“ನಾನು ಕೂತ್ರೆ ನನ್ನ ಎದುರಿಗೆ ಬರ್ಬೇಕು,” ಎನ್ನುತ್ತ ಅವರು ಡಬ್ಬ ಎತ್ತಿಕೊಂಡು ಮೆಟ್ಟಿಲಿಳಿದರು.