ನುಮಾನ್ ಪಾಷಾ ಏಕೆ ಕೂರಲಿಲ್ಲ

ಸಂಘದ ಅಧ್ಯಕ್ಷರಾದ ಹಾಲಿತ್ ಬೇ ಅವರೇ, ಹಡಗುಗಳ ಒಡೆಯರೂ ಇಂದಿನ ಮುಖ್ಯ ಅತಿಥಿಗಳೂ ಆದ ಸಬಾಹತ್ತಿನ್ ಬೇ ಅವರೇ, ವೇದಿಕೆಯ ತುಂಬ ಕೂತಿರುವ ಗಣ್ಯರೇ, ಚಹಾ ಯಾವಾಗ ಬಂದೀತು ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಬಾಸ್ಫರಸ್ ದಡದ ಈ ಹಳೆಯ ಮನೆಗೆ ಮತ್ತೆ ಸುಣ್ಣಬಣ್ಣವಾಗಿದೆ. ಹಿಂದೆ ಇದರ ಒಡತಿಯಾಗಿದ್ದ ರಾಜಕುಮಾರಿ ದುರ್ದಾನೆ ಸುಲ್ತಾನರ ಬಗ್ಗೆ ನಾಲ್ಕು ಮಾತಾಡಲು ಮೆಬ್ರೂರೆ ಎಂಬ ಈ ನಿವೃತ್ತ ಇತಿಹಾಸದ ಮೇಡಮ್ಮನನ್ನು ಕರೆಸಿದವರು ಸಬಾಹತ್ತಿನ್ ಬೇ. ಅಧ್ಯಕ್ಷರು ಮಾತ್ರ ನಿನ್ನೆ ಫೋನ್ ಮಾಡಿ, "ಮೆಬ್ರೂರೆ ಹಾನಿಮ್, ಸುಲ್ತಾನರ ವಿಷಯ ಎಷ್ಟ್ ಬೇಕಾದ್ರೂ ಮಾತಾಡಿ, ಮನೆ ವಿಷಯ ಬೇಡ" ಎಂದರು. ಯಾರ ಮನೆಯದು ಎಂದು ನಾನು ಕೇಳಲಿಲ್ಲ.

ಸಂಘದವರು ಒಂದು ಚಂದದ ಪುಸ್ತಕ ಹಂಚಿದ್ದಾರೆ. ಅದರಲ್ಲಿ ಬರೆದಿದೆ: "ಮೂರನೆಯ ಪತಿ ನುಮಾನ್ ಪಾಷಾ ತಮ್ಮ ರಾಜಪತ್ನಿಯ ಎದುರು ಒಮ್ಮೆಯೂ ಕೂರಲಿಲ್ಲ. ಎಂಥ ಆದರ್ಶ ದಾಂಪತ್ಯ!" ಆಹಾ! ಬರೆದವರ ಕೈಗೆ ಚಿನ್ನದ ಬಳೆ ತೊಡಿಸಬೇಕು. ಏಕೆ ಕೂರಲಿಲ್ಲ ಎಂದು ಒಬ್ಬರಾದರೂ ಕೇಳಿದಿರಾ?

ದುರ್ದಾನೆಗೆ ಮೊದಲ ಮದುವೆಯಾದಾಗ ಮೂರು ವರ್ಷ, ಗಂಡನಿಗೆ ಐವತ್ತು. ಸುಲ್ತಾನನಾಗಿದ್ದ ಅಪ್ಪನಿಗೆ ಆ ಅಳಿಯನ ದಂಡು ಬೇಕಿತ್ತು. ಮಗುವಿನ ಹಾಲುಹಲ್ಲು ಬೀಳುವ ಮೊದಲೇ ಅದೇ ಅಪ್ಪ ಅದೇ ಅಳಿಯನ ತಲೆ ತೆಗೆಸಿದ. ಅವತ್ತು ಮಗು ಗೊಂಬೆ ಬೇಕೆಂದು ಅತ್ತಿತಂತೆ. ನಮ್ಮ ಪುಸ್ತಕ ಅದನ್ನು "ಪತಿಶೋಕ" ಎಂದು ಕರೆದಿದೆ! ಎರಡನೆಯವನು ದೂರದ ಪ್ರಾಂತ್ಯದ ಅಧಿಕಾರಿ, ಹೆಂಡತಿಯ ಮುಖವನ್ನೂ ನೋಡದೆ ಜ್ವರದಲ್ಲಿ ಹೋದ. ಇವನ್ನೆಲ್ಲ ಮದುವೆ ಎನ್ನುವುದಾದರೆ ದನದ ಸಂತೆಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಹದಿನೇಳು ತುಂಬಿದಾಗ ಬಂದವನು ನುಮಾನ್ ಪಾಷಾ. ರೂಪವಂತ, ಮಾತಿನಮಲ್ಲ. ಅವನಿಗೆ ಆಗಲೇ ಜೆಮಿಲೆ ಎಂಬ ಹೆಂಡತಿ, ಒಬ್ಬ ಪುಟ್ಟ ಮಗಳು. ಸುಲ್ತಾನನ ಅಳಿಯನಾಗುವವನು ಮನೆಯಲ್ಲಿರುವ ಹೆಂಡತಿಯನ್ನು ಬಿಡಬೇಕು, ಅದು ಆ ಮನೆತನದ ಕಟ್ಟಳೆ. ಬಿಟ್ಟ. ಒಲ್ಲೆ ಎಂದಿದ್ದರೆ ತಲೆ ಉಳಿಯುತ್ತಿರಲಿಲ್ಲ, ಒಪ್ಪುತ್ತೇನೆ. ಮೇಣ, ರೇಷ್ಮೆಗಳಲ್ಲಿ ಕಟ್ಟಿದ ಮದುವೆಮರಗಳನ್ನು ಬೀದಿಯಲ್ಲಿ ಹೊತ್ತು ಮೆರೆಸಿದರು. ಮರಗಳು ಎಷ್ಟು ಎತ್ತರವೆಂದರೆ ಅವು ಹಾದುಹೋಗಲು ಬಡವರ ಮನೆಗಳ ಮಾಡು ಒಡೆಸಿದರು. ತಮ್ಮ ಮದುವೆಗೆ ಬೇರೆಯವರ ಮನೆ ಒಡೆಯುವುದು ದೊಡ್ಡವರಿಗೆ ಹೊಸದಲ್ಲ, ನೋಡಿ.

ರಾಜಕುಮಾರಿಯ ಕೋಣೆಗೆ ಬಂದ ಗಂಡ, ಕೂರಲು ಅಪ್ಪಣೆಯಾಗುವವರೆಗೆ ನಿಂತೇ ಇರಬೇಕು. ಅದೂ ಕಟ್ಟಳೆಯೇ. ಸಾಮಾನ್ಯವಾಗಿ ಒಂದು ಲೋಟ ಶರಬತ್ತು ಕುಡಿಯುವಷ್ಟು ಹೊತ್ತು.

ದುರ್ದಾನೆ ಕೇಳಿದರಂತೆ, "ಪಾಷಾ, ನನಗೋಸ್ಕರ ಹೆಂಡ್ತೀನ ಬಿಟ್ರಂತೆ. ಸಂಕಟ ಆಗ್ಲಿಲ್ವಾ?"

"ಯಾವ ಹೆಂಡ್ತಿ, ನನ್ನ ಸುಲ್ತಾನ್? ನೆನಪೇ ಇಲ್ಲ."

"ಮಗಳೂ ಇದ್ದಾಳಂತಲ್ಲ?"

"ನನಗೆ ಯಾರೂ ಇಲ್ಲ. ನೀವೊಬ್ರೇ."

ಬೆಣ್ಣೆ ಹಚ್ಚಿದೆ ಎಂದುಕೊಂಡ, ಪುಣ್ಯಾತ್ಮ! ಜಾರಿಬಿದ್ದದ್ದು ತಾನೇ. ದುರ್ದಾನೆ ಕೂರಿ ಎನ್ನಲಿಲ್ಲ. ಅವತ್ತೂ ಎನ್ನಲಿಲ್ಲ, ಮಾರನೆಯ ದಿನವೂ ಎನ್ನಲಿಲ್ಲ, ಆ ವರ್ಷವಿಡೀ ಎನ್ನಲಿಲ್ಲ. ಹಬ್ಬಕ್ಕೆ ಬಂದ, ನಿಂತ. ಊಟದ ಹೊತ್ತಿಗೆ ಬಂದ, ಪಿಲಾವಿನ ವಾಸನೆ ಕುಡಿಯುತ್ತ ನಿಂತ. ದಾಸಿಯೊಬ್ಬಳು ತಡೆಯಲಾರದೆ, "ಪಾಪ, ಮಂಡಿ ಊದ್ಕೊಂಡಿದೆ. ಕೂತ್ಕೊಳ್ಳಿ ಅನ್ಬಾರ್ದಾ ಸುಲ್ತಾನ್?" ಎಂದಳು. "ಅವ್ರಿಗೆ ಮರೆವು ಜಾಸ್ತಿ ಕಣೇ. ಕೂತ್ರೆ ಏಳೋದನ್ನೂ ಮರೀತಾರೆ" ಎಂದರಂತೆ ದುರ್ದಾನೆ. ಕೊನೆಗೆ ಪಾಷಾ ಬೇಡಿಕೊಂಡು ಗಡಿಯ ಕೋಟೆಗೆ ವರ್ಗ ಮಾಡಿಸಿಕೊಂಡ, ಅಲ್ಲೇ ಸತ್ತ. ಕುದುರೆಯ ಮೇಲಾದರೂ ಕೂರಬಹುದಲ್ಲ!

ಆಮೇಲೆ ನಾಲ್ಕನೆಯವನು, ಹಲ್ಲಿಲ್ಲದ ಮುದುಕ. ಅವನಿಗೂ ಅದೇ ಪ್ರಶ್ನೆ: "ಮೊದಲ್ನೇ ಹೆಂಡ್ತೀನ ಬಿಟ್ರಾ?" "ಇಲ್ಲ ಸುಲ್ತಾನ್, ಸತ್ಲು. ಈಗ್ಲೂ ಅಳು ಬರತ್ತೆ." ದುರ್ದಾನೆ ದಾಸಿಯರ ಕಡೆ ತಿರುಗಿ, "ದಿಂಬು ಹಾಕ್ರೇ" ಎಂದರು.

ಇದು ಸಂಘದ ಪುಸ್ತಕದಲ್ಲಿಲ್ಲ. ಈ ದಡದ ಹೆಂಗಸರು ತಲೆತಲಾಂತರದಿಂದ ಬಟ್ಟೆ ಒಗೆಯುತ್ತ ಹೇಳಿಕೊಂಡು ಬಂದದ್ದು. ಇದನ್ನು ಹೇಳಲು ಹೋದರೆ ನನ್ನ ಮಗಳು ಸೆರ್ಪಿಲ್, "ಸಾಕಮ್ಮಾ, ಹಳೇ ಕಥೆ" ಎನ್ನುತ್ತಾಳೆ. ಹಳೆಯದೇ? ಹೋದ ವಸಂತದಲ್ಲಿ ಅವಳ ಗಂಡ ಅವಳನ್ನು ಬಿಟ್ಟ. ಯಾವ ಸುಲ್ತಾನ ಅಪ್ಪಣೆ ಮಾಡಿದ್ದ? ಯಾರ ಕತ್ತಿ ಅವನ ಕುತ್ತಿಗೆಯ ಮೇಲಿತ್ತು? ದೊಡ್ಡ ಮನೆಯ ಸಂಬಂಧ ಕಂಡಿತು, ಹತ್ತಿದ ಏಣಿಯನ್ನು ಒದ್ದ. ಅಷ್ಟೇ. ಅವನಿಗೆ ಈರುಳ್ಳಿ ಆಗುತ್ತಿರಲಿಲ್ಲ. ನಾನು ಇವತ್ತಿಗೂ ಬದನೆಕಾಯಿಗೆ ಈರುಳ್ಳಿ ಹಾಕುವುದಿಲ್ಲ, ಈ ಕೈಗೆ ಬುದ್ಧಿ ಬಂದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಹಾಗೆ ನೋಡಿಕೊಂಡಿದ್ದೆ. ಅದಕ್ಕೇ ಇಷ್ಟು ಉರಿಯುತ್ತದೆ. ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಬಿಡಲಿ, ಬೇರೆ ಮದುವೆಯಾಗಲಿ, ಜಗತ್ತಿನಲ್ಲಿ ನಡೆಯದ್ದೇನಲ್ಲ. ಆದರೆ ಮೊನ್ನೆ ಮನೆಗೆ ಬಂದ. ಏಳು ವರ್ಷದ ಮಗಳು ನೆವಾಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಚಿನ್ನಾ, ಶನಿವಾರ ಮದುವೇಲಿ ನೀನೇ ಹೂವು ಹಿಡ್ಕೋಬೇಕು. ಆದ್ರೆ ಅವತ್ತೊಂದಿನ ನನ್ನನ್ನ ಚಿಕ್ಕಪ್ಪ ಅನ್ನು, ಆಯ್ತಾ? ಹುಡ್ಗಿ ತಾತ ಹಳೇ ಕಾಲದವ್ರು. ಹೆಂಡ್ತಿ ಬಿಟ್ಟೋನು ಅಂತ ಗೊತ್ತಾದ್ರೆ ಮದುವೆ ನಿಲ್ಲಿಸ್ತಾರೆ" ಎಂದ. ಒಳಗೆ ಕಾಫಿ ಕಾಸುತ್ತಿದ್ದ ನನಗೆ ಎಲ್ಲವೂ ಕೇಳಿಸಿತು.

ಮಗು ಅಳಲಿಲ್ಲ. ಅವನು ಹೋದ ಮೇಲೆ ನನ್ನ ಹತ್ತಿರ ಬಂದು, "ಅಜ್ಜೀ, ಭಾನುವಾರದಿಂದ ಮತ್ತೆ ಅಪ್ಪ ಅನ್ಬಹುದಾ?" ಎಂದಿತು.

ಸಭಿಕರೇ, ನಾನು ಬದುಕಿನುದ್ದಕ್ಕೂ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುತ್ತ ಬಂದವಳು. ಇದಕ್ಕೆ ಮಾತ್ರ, "ಕೇಳ್ಕೊಂಡು ಬಂದು ಹೇಳ್ತೀನಿ" ಎಂದೆ.

ಸಬಾಹತ್ತಿನ್ ಬೇ, ನಿಮ್ಮ ಮೊಮ್ಮಗಳ ಮದುವೆಯೂ ಈ ಶನಿವಾರವೇ, ಇದೇ ಮನೆಯಲ್ಲೇ, ಅಲ್ಲವೇ? ಆ ಹುಡುಗಿಯ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಅವಳಿಗೂ ಇದು ಗೊತ್ತಿರಲಾರದು.

ನೆವಾಳನ್ನು ನಾನು ಇಲ್ಲಿಗೆ ಕರೆತಂದಿಲ್ಲ. ಮಕ್ಕಳನ್ನು ದೊಡ್ಡವರ ಆಟಕ್ಕೆ ಎಳೆಯುವ ಚಾಳಿ ಅರಮನೆಗಳಿಗೇ ಇರಲಿ. ಅವಳು ಮನೆಯಲ್ಲಿ ನನ್ನ ದಾರಿ ಕಾಯುತ್ತಿದ್ದಾಳೆ. ಹಾಲಿತ್ ಬೇ, ಹೋಗಿ ಅವಳಿಗೆ ಏನು ಹೇಳಲಿ? ಮುಂದಿನ ಭಾಷಣ ನಿಮ್ಮದು. ಉದ್ದ ಬೇಡ, ನೀವು ಅವಳಿಗೆ ಏನಾಗಬೇಕು ಎಂದು ಎಲ್ಲರ ಎದುರು ಹೇಳಿದರೆ ಸಾಕು.

ಇಷ್ಟು ಹೊತ್ತು ಚಹಾ ಇಲ್ಲದೆ ಕೇಳಿದ ನಿಮಗೆಲ್ಲ ವಂದನೆಗಳು. ಮೈಕನ್ನು ಅಧ್ಯಕ್ಷರ ಮುಂದೆ ಇಡುತ್ತಿದ್ದೇನೆ. ನಮಸ್ಕಾರ.