ಕಣಕಾಲಿನ ಮೇಲೆ ಕಡಿವಾಣ

ಕೇಳಿ. ಹೆಸರು ಹೇಳಿದರೆ ಜಗಳವಾಗುವಂಥ ಒಂದು ರಾಜ್ಯ. ಅಲ್ಲೊಬ್ಬ ದೊರೆ, ಅವನಿಗೊಂದು ಬಿಳಿ ಕುದುರೆ. ಅದಕ್ಕೆ ಕಡಿವಾಣ ಮಾಡುವವಳು ಕಮ್ಮಾರಗೇರಿಯ ಕಾಳವ್ವ. ಮರಿಯಾಗಿದ್ದಾಗ ಅದು ಅವಳ ಅಂಗೈಯಿಂದಲೇ ಬೆಲ್ಲ ತಿಂದಿತ್ತು.

ದೊರೆಗೆ ಸವಾರಿ ಬರುತ್ತಿರಲಿಲ್ಲ. ಬೀಳುವ ಭಯಕ್ಕೆ ಲಗಾಮಿಗೆ ಜೋತುಬೀಳುತ್ತಿದ್ದ. ಕುದುರೆ ತಲೆ ಕೊಡವುತ್ತಿತ್ತು. ತಪ್ಪು ಯಾರದು? ಕುದುರೆಯದು. ಆಸ್ಥಾನ ಹಾಗೆ ತೀರ್ಮಾನಿಸಿತ್ತು.

ದೊರೆಯ ತಾತ ಕಲ್ಲಿನಲ್ಲಿ ಕೆತ್ತಿಸಿದ ಕಟ್ಟಳೆಯೊಂದಿತ್ತು: ಹೊಸ ಕಡಿವಾಣವನ್ನು ಮೊದಲು ಸವಾರನ ಕಣಕಾಲಿಗೆ ಕಟ್ಟಿ ಎಳೆಯಬೇಕು. ಯಾಕೆ? ಕುದುರೆಯ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಕಬ್ಬಿಣ ಕೂರುವುದು ಅಲ್ಲಿ. ಅಲ್ಲಿಯೂ ಕಣಕಾಲಿನಂತೆಯೇ: ತೆಳು ಚರ್ಮ, ಕೆಳಗೆ ಎಲುಬು.

ದೊರೆಯ ಬದಲು ದಳವಾಯಿ ಕಾಲು ಚಾಚಿದ. ಕಾಳವ್ವ ಕಟ್ಟಿ ಎಳೆದಳು.

ಮೊದಲನೆಯ ಕಡಿವಾಣಕ್ಕೆ ನಡುವೆ ಕೀಲು, ತುದಿಗೊಂದೊಂದು ಬಳೆ. ಕೈ ಎಳೆದಷ್ಟೇ ಬಿಗಿ ಬಾಯಿಗೆ.

"ಹೇಗಿದೆ?" ಎಂದ ದೊರೆ.

"ಮಲ್ಲಿಗೆ ದಂಡೆ, ಮಹಾಸ್ವಾಮಿ."

ದೊರೆ ಏರಿದ; ಕುದುರೆ ತಲೆ ಕೊಡವಿತು. "ಇನ್ನೂ ಬಿಗಿಯಾದದ್ದು ಮಾಡೇ," ಎಂದ ಕಾಳವ್ವನಿಗೆ.

ಎರಡನೆಯದಕ್ಕೆ ಇಕ್ಕೆಲದಲ್ಲೂ ಗೇಣುದ್ದದ ತೋಳು, ಗಲ್ಲದ ಕೆಳಗೊಂದು ಸರಪಳಿ. ಹಾರೆಯಿಂದ ಬಂಡೆ ಎಬ್ಬಿಸಿದ ಹಾಗೆ: ತೋಳಿನ ತುದಿಯನ್ನು ಎರಡು ಬೆರಳಿನಿಂದ ಎಳೆದರೂ ಕಬ್ಬಿಣಕ್ಕೂ ಸರಪಳಿಗೂ ನಡುವೆ ದವಡೆ ನಜ್ಜುಗುಜ್ಜು.

"ಹೇಗಿದೆ?"

"ಮಲ್ಲಿಗೆ ದಂಡೆ," ಎಂದ ದಳವಾಯಿ. ಕಣ್ಣಲ್ಲಿ ನೀರಿತ್ತು.

ಕುದುರೆ ಹಿಂಗಾಲ ಮೇಲೆ ನಿಂತಿತು.

"ಮುಳ್ಳಿನದು ಮಾಡು. ಅದಕ್ಕೂ ಬಗ್ಗದಿದ್ದರೆ ಶುಕ್ರವಾರ ಕುದುರೆಯ ತಲೆ ತೆಗೆಸುತ್ತೇನೆ."

"ದೊರೆಗಳೇ, ಕೈ ಕೆಟ್ಟಿದ್ದರೆ ಕಡಿವಾಣ ಏನು ಮಾಡೀತು?" ಎಂದಳು ಕಾಳವ್ವ.

"ನಿನ್ನನ್ನು ಯಾರು ಕೇಳಿದರು?"

ಯಾರೂ ಕೇಳಿರಲಿಲ್ಲ. ಕಾಳವ್ವ ಹೋಗಿ ಮುಳ್ಳು ಬಡಿದಳು. ಪ್ರತಿ ಮುಳ್ಳಿಗೂ ಅಂಗೈಯಲ್ಲಿ ಆ ಮರಿಯ ಬಿಸಿಯುಸಿರು ನೆನಪಾಯಿತು.

ಶುಕ್ರವಾರ ಬಂತು. ದಳವಾಯಿಗೆ ಜ್ವರ ಬಂದಿತ್ತು. ಮಂತ್ರಿಗೂ ಬಂದಿತ್ತು. ಅಡುಗೆಯವನಿಗೂ ಬಂದಿತ್ತು. ಉಳಿದದ್ದು ಯಾರ ಕಾಲು?

"ಕಟ್ಟಳೆ ನಿಮ್ಮ ತಾತನವರದು," ಎಂದಳು ಕಾಳವ್ವ. "ನಾನು ಎಳೆಯುವುದಿಲ್ಲ. ಲಗಾಮು ನಿಮ್ಮ ಕೈಯಲ್ಲೇ ಇರಲಿ."

ದೊರೆಗೆ ಸಮಾಧಾನವಾಯಿತು. ಕುದುರೆಯ ಬದಲು ಮರದ ದಿಮ್ಮಿಯ ಮೇಲೆ ಜೀನು ಹಾಕಿಸಿ ಕೂತ. ಅವಳು ಮುಳ್ಳಿನ ಕಡಿವಾಣವನ್ನು ಅವನ ಕಣಕಾಲಿಗೆ ಕಟ್ಟಿ, ಲಗಾಮು ಕೊಟ್ಟು, ದಿಮ್ಮಿಯನ್ನು ಕಾಲಿನಿಂದ ಮೆಲ್ಲಗೆ ಅಲುಗಿಸಿದಳು.

ದೊರೆ ಹೆದರಿದ. ಹೆದರಿ ಜೋತುಬಿದ್ದ. ಮುಳ್ಳು ಇಳಿಯಿತು. ನೋವಿಗೆ ಹೆದರಿ ಇನ್ನೂ ಜೋತುಬಿದ್ದ.

"ಬಿಡೇ! ಬಿಡೇ!"

"ನಾನು ಹಿಡಿದಿಲ್ಲ, ದೊರೆಗಳೇ. ಹಿಡಿದಿರುವುದು ನೀವು."

ದೊರೆ ಕೈಬಿಟ್ಟ. ನೆಲಕ್ಕೆ ಬಿದ್ದ. ಕುದುರೆ ಒಮ್ಮೆ ತಿರುಗಿ ನೋಡಿ ಹುಲ್ಲು ಮೇಯತೊಡಗಿತು.

ಸಂಜೆ ಡಂಗುರ ಸಾರಿದರು: ಕುದುರೆ ತಪ್ಪೊಪ್ಪಿಕೊಂಡಿದೆ, ದೊರೆಗಳು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಾರೆ. ಜನ ಜಯಕಾರ ಹಾಕಿದರು. ಕಾಳವ್ವ ಹಾಕಲಿಲ್ಲ. ಕೀಲಿನ ಕಡಿವಾಣಕ್ಕೆ ಎಣ್ಣೆ ಸವರಿ ಕುದುರೆಗೆ ತೊಡಿಸಿದಳು. ಮುಳ್ಳಿನದನ್ನು ಒರೆಸಿ, ಕಟ್ಟಳೆಯ ಕಲ್ಲಿಗೇ ನೇತುಹಾಕಿದಳು. ದೊರೆಗೂ ಮೊಮ್ಮಕ್ಕಳಿದ್ದರಲ್ಲ, ನಾಳೆ ಅವರೂ ಲಗಾಮು ಹಿಡಿಯುವವರೇ.

ಕಥೆಯ ಲಗಾಮು ಸಡಿಲಾಯಿತು. ಅದು ಲಾಯಕ್ಕೆ ಹೋಯಿತು, ನೀವು ಮನೆಗೆ ಹೋಗಿ.