ರಕ್ತದ ಗುರುತು

ಮಗನನ್ನು ಕಾಮಾಲೆಯಿಂದ ಕಳೆದುಕೊಂಡ ನಾನು ಪುರೂಸ್ ನದಿದಂಡೆಯ ಆಸ್ಪತ್ರೆಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದೆ. ಪಕ್ಕದಲ್ಲಿ ದೋರಿವಲ್ ಮತ್ತು ಅವನ ಹೆಂಡತಿ ಜುಲೇದಿ ರಕ್ತಪರೀಕ್ಷೆಯ ಚೀಟಿಗಳನ್ನು ನೋಡುತ್ತಿದ್ದರು. ದೋರಿವಲ್ ಹೆಂಡತಿಯತ್ತ ತಿರುಗಿದ.

“ನಿನ್ನ ರಕ್ತದಲ್ಲೂ ಈ ಕಾಮಾಲೆ ರೋಗದ ಗುರುತಿದೆ. ಯಾರಿಂದ ಹತ್ತಿಸ್ಕೊಂಡೆ? ಹೇಳದಿದ್ರೆ ದೋಣೀಲಿ ನೀನು ಮಲಗೋ ಜೋಲಿ ನಾನು ಕಟ್ಟಲ್ಲ.”

“ನನಗೆ ಬಂದು ವಾಸಿಯಾಗಿದೆಯಂತೆ. ಉಳಿದಿರೋದು ನಿನ್ನಲ್ಲಿ.”

“ಜಾಣೆ! ನಾನು ಮೀನಿಗೆ ಹೋದಾಗ ಮನೆಗೆ ಯಾರು ಬರ್ತಿದ್ರು?”

“ನಿಮ್ಮಮ್ಮ, ಕಾವಲಿಗೆ! ಹುಟ್ಟುವಾಗ ತಾಯಿಂದ ತಗುಲಿದ್ರೆ ಹೀಗೆ ಉಳ್ಕೊಳ್ಳುತ್ತಂತೆ, ನರ್ಸಮ್ಮ ಹೇಳಿದ್ರು. ನಿಮ್ಮಮ್ಮ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರ್ಕೊಂಡ್ರಲ್ಲ?”

“ಅದು ಯಾರೋ ಮಾಡಿಸಿದ ಮಾಟ.”

“ನಿಮ್ಮಣ್ಣನಿಗೂ ಅದೇ ಮಾಟಾನಾ?”

ಅವನು ತನ್ನ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

“ಹಾಗಾದ್ರೆ ಅಮ್ಮನಿಗೆ ಯಾರು ಕೊಟ್ರು?”

“ನಿಮ್ಮಜ್ಜಿನ ಕೇಳು.”

ಹೊರಡುವ ದೋಣಿಯ ಸಿಳ್ಳೆ ಕೂಗಿತು. ಅವನು ಎರಡೂ ಜೋಲಿಗಳನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.